ಹಳೆಯ ಗಣಕಯಂತ್ರಕ್ಕೆ ಲಿನಕ್ಸ್: ಮೊದಲು ಪರೀಕ್ಷೆ, ಆಮೇಲೆ ಅಳವಡಿಕೆ

ನಮ್ಮ ಸದಸ್ಯರಲ್ಲಿ ಹಲವರ ಮನೆಯಲ್ಲಿ ಹತ್ತು ಹನ್ನೆರಡು ವರ್ಷಗಳ ಹಿಂದೆ ಮಕ್ಕಳ ಓದಿಗೆಂದು ಕೊಂಡ ಗಣಕಯಂತ್ರವೊಂದು ಇದ್ದೇ ಇದೆ. ಮಕ್ಕಳು ಓದು ಮುಗಿಸಿ ಊರು ಬಿಟ್ಟರು. ಯಂತ್ರ ಈಗ ಕೂಲಿ ಲೆಕ್ಕ, ಅಡಿಕೆ ಮಾರಿದ ಪಟ್ಟಿ, ಗೊಬ್ಬರದ ಖರ್ಚು ಬರೆಯಲು ಬಳಕೆಯಾಗುತ್ತಿದೆ. ಇಲ್ಲವೆ ಜಗಲಿಯ ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತಿದೆ. ಇಂಥ ಯಂತ್ರವನ್ನು ಗುಜರಿಗೆ ಹಾಕಿ ಹೊಸದು ಕೊಳ್ಳಬೇಕೇ ಎಂದು ಸದಸ್ಯರು ಕೇಳುತ್ತಿದ್ದಾರೆ. ನಮ್ಮ ಮನೆಯ ಯಂತ್ರದಲ್ಲಿ ನಾವು ಮಾಡಿ ನೋಡಿದ್ದನ್ನೂ ಅದರಲ್ಲಿ ಆದ ತಪ್ಪನ್ನೂ ಇಲ್ಲಿ ತಿಳಿಸುತ್ತಿದ್ದೇವೆ.

ಪ್ರಶ್ನೆ ಈಗೇಕೆ ಬಂತು?

ಯಂತ್ರ ನಡೆಯಬೇಕಾದರೆ ಅದರೊಳಗೆ ಎಲ್ಲ ಕೆಲಸಗಳನ್ನು ನೋಡಿಕೊಳ್ಳುವ ಒಂದು ಮೂಲ ವ್ಯವಸ್ಥೆ ಇರಬೇಕು. ತೋಟಕ್ಕೆ ಮೇಸ್ತ್ರಿ ಇದ್ದ ಹಾಗೆ. ಬಹುಪಾಲು ಮನೆಗಳಲ್ಲಿ ಇರುವುದು ವಿಂಡೋಸ್. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಉಚಿತ ರಕ್ಷಣಾ ತಿದ್ದುಪಡಿಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಹೆಸರು ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷ ರಕ್ಷಣೆ ಕೊಡುವುದಾಗಿ ಕಂಪನಿ ಆಗ ತಿಳಿಸಿತ್ತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಅಂಗವನ್ನೂ, ಇಂಟೆಲ್ ಆದರೆ ಸುಮಾರಾಗಿ ಎಂಟನೆಯ ತಲೆಮಾರಿನಿಂದ ಈಚಿನ ಪ್ರೊಸೆಸರನ್ನೂ ಕೇಳುತ್ತದೆ. 2013ರ ಯಂತ್ರದಲ್ಲಿ ಇವೆರಡೂ ಇಲ್ಲ.

ತಿದ್ದುಪಡಿ ನಿಂತ ಮಾತ್ರಕ್ಕೆ ಯಂತ್ರ ನಿಲ್ಲುವುದಿಲ್ಲ. ಆದರೆ ಹೊಸದಾಗಿ ಕಂಡುಬರುವ ದೋಷಗಳಿಗೆ ಮದ್ದು ಸಿಗುವುದಿಲ್ಲ. ಮಳೆಗಾಲದಲ್ಲಿ ಔಷಧಿ ಹೊಡೆಯದ ಅಡಿಕೆಗೆ ಕೊಳೆ ಬಂದೇ ಬರುತ್ತದೆಂದು ಹೇಳಲಾಗದು, ಆದರೂ ಯಾರೂ ಹಾಗೆ ಬಿಡುವುದಿಲ್ಲವಷ್ಟೆ. ಬ್ಯಾಂಕಿನ ವ್ಯವಹಾರ ಮಾಡುವ ಯಂತ್ರಕ್ಕೂ ಅದೇ ಮಾತು.

ಲಿನಕ್ಸ್ ಎಂದರೇನು?

1991ರ ಆಗಸ್ಟ್‌ನಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ತಾನು ಬರೆಯುತ್ತಿದ್ದ ಒಂದು ವ್ಯವಸ್ಥೆಯ ವಿಷಯವನ್ನು ಹೊರಗೆ ತಿಳಿಸಿದರು. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಪ್ರಕಟಿಸಿದ್ದ ಗ್ನೂ ಯೋಜನೆಯ ಸಲಕರಣೆಗಳು ಅದರೊಡನೆ ಕೂಡಿಕೊಂಡವು. ಯಾರು ಬೇಕಾದರೂ ಬಳಸಬಹುದು, ನಕಲು ಮಾಡಿ ನೆರೆಯವರಿಗೆ ಕೊಡಬಹುದು, ತಿದ್ದಬಹುದು ಎಂಬುದು ಅದರ ಕರಾರು. ಸಹಕಾರದ ತತ್ವ ಬಲ್ಲ ನಮಗೆ ಇದು ಹೊಸದೆನಿಸದು. ನಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ತಿರುಳು ಕೂಡ ಲಿನಕ್ಸೇ. ನೆರೆಯ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಕಲಿಯುವುದೂ ಇದರಲ್ಲೇ.

ಲಿನಕ್ಸ್‌ನಲ್ಲಿ ಅನೇಕ ತಳಿಗಳಿವೆ. ವಿಂಡೋಸ್ ಬಳಸಿ ರೂಢಿಯಾದವರಿಗೆ ಲಿನಕ್ಸ್ ಮಿಂಟ್ ಸುಲಭ. ಅದರಲ್ಲಿಯೂ ಎಕ್ಸ್‌ಎಫ್‌ಸಿಇ ಎಂಬ ಬಗೆ ಹಗುರ. ಮಿಂಟ್ 22ಕ್ಕೆ ಕನಿಷ್ಠ 2 ಜಿಬಿ ರ‍್ಯಾಮ್ ಬೇಕು, 4 ಜಿಬಿ ಇದ್ದರೆ ಒಳ್ಳೆಯದು. ಡಿಸ್ಕಿನಲ್ಲಿ ಕನಿಷ್ಠ 20 ಜಿಬಿ ಜಾಗ ಬೇಕು. ಯಂತ್ರ 64 ಬಿಟ್‌ನದ್ದಾಗಿರಬೇಕು. ತಿದ್ದುಪಡಿಗಳು 2029ರವರೆಗೆ ಉಚಿತವಾಗಿ ದೊರೆಯುತ್ತವೆ.

ಪರೀಕ್ಷೆ ಮಾಡುವ ಬಗೆ

ಇದರ ದೊಡ್ಡ ಅನುಕೂಲವೆಂದರೆ, ಯಂತ್ರದೊಳಗಿನ ಯಾವುದನ್ನೂ ಮುಟ್ಟದೆ ಪೆನ್ ಡ್ರೈವ್‌ನಿಂದಲೇ ನಡೆಸಿ ನೋಡಬಹುದು.

1. ಕನಿಷ್ಠ 4 ಜಿಬಿಯ ಪೆನ್ ಡ್ರೈವ್ ಇರಲಿ. ಅದರಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ.

2. ಮಿಂಟ್‌ನ ಕಡತ ಸುಮಾರು 3 ಜಿಬಿ. ಅದನ್ನು ಇಳಿಸಿಕೊಂಡು ರೂಫಸ್ ಅಥವಾ ಎಚರ್ ಎಂಬ ಉಚಿತ ತಂತ್ರಾಂಶದಿಂದ ಪೆನ್ ಡ್ರೈವ್‌ಗೆ ಬರೆಯಬೇಕು. ಬರಿದೇ ನಕಲು ಮಾಡಿ ಹಾಕಿದರೆ ನಡೆಯದು.

3. ಯಂತ್ರವನ್ನು ಆರಿಸಿ, ಪೆನ್ ಡ್ರೈವ್ ಚುಚ್ಚಿ, ಮತ್ತೆ ಹಾಕುವಾಗ ಎಫ್12, ಎಫ್9 ಅಥವಾ ಎಸ್ಕ್ ಕೀಲಿಯನ್ನು ಒತ್ತುತ್ತಿದ್ದರೆ ಎಲ್ಲಿಂದ ಆರಂಭಿಸಬೇಕೆಂಬ ಪಟ್ಟಿ ಬರುತ್ತದೆ. ಕೀಲಿ ಯಂತ್ರದಿಂದ ಯಂತ್ರಕ್ಕೆ ಬೇರೆ. ಪಟ್ಟಿಯಲ್ಲಿ ಪೆನ್ ಡ್ರೈವ್ ಆರಿಸಿ.

4. ಪರದೆ ತೆರೆದ ಮೇಲೆ ವೈಫೈ, ಧ್ವನಿ, ಪ್ರಿಂಟರು ಒಂದೊಂದಾಗಿ ನೋಡಿ. ವೈಫೈ ಸಿಗದಿದ್ದರೆ ಮೊಬೈಲನ್ನು ಕೇಬಲ್ಲಿನಿಂದ ಜೋಡಿಸಿ ಇಂಟರ್‌ನೆಟ್ ಪಡೆಯಬಹುದು. ಬೇಕಾದ ಚಾಲಕ ತಂತ್ರಾಂಶ ಆಗ ಸಿಗುವುದುಂಟು.

ಪೆನ್ ಡ್ರೈವ್‌ನಿಂದ ನಡೆಯುವಾಗ ತುಸು ನಿಧಾನ. ಅಷ್ಟಕ್ಕೇ ಬೇಸರಿಸಬೇಡಿ. ಪರದೆಯ ಮೇಲಿರುವ 'ಇನ್‌ಸ್ಟಾಲ್' ಗುರುತನ್ನು ಮಾತ್ರ ಈಗ ಒತ್ತಬೇಡಿ. ಒಂದು ವಾರ ಹೀಗೆಯೇ ಬಳಸಿ.

ಯಾವುದು ನಡೆಯುತ್ತದೆ, ಯಾವುದು ಇಲ್ಲ

ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಪಹಣಿ ನೋಡುವುದು, ಬ್ಯಾಂಕಿನ ಕೆಲಸ, ಅಂಚೆ ಎಲ್ಲವೂ ನಡೆದವು. ಎಕ್ಸೆಲ್‌ನಲ್ಲಿ ಬರೆದ ಲೆಕ್ಕಗಳು ಲಿಬ್ರೆಆಫೀಸ್‌ನಲ್ಲಿ ತೆರೆದವು. ಕನ್ನಡ ಟೈಪು ಮಾಡಲು ನುಡಿಯಲ್ಲಿ ರೂಢಿಯಾದ ಕಗಪ ಕೀಲಿಮಣೆ ಲಿನಕ್ಸ್‌ನಲ್ಲಿಯೂ ಇದೆ. ಆದರೆ ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಟೈಪು ಮಾಡಿದ ಕಡತಗಳು ಅರ್ಥವಾಗದ ಗುರುತುಗಳಾಗಿ ಕಾಣಿಸುತ್ತವೆ. ಅವನ್ನು ವಿಂಡೋಸ್ ಇರುವಾಗಲೇ ಯೂನಿಕೋಡಿಗೆ ಪರಿವರ್ತಿಸಿ ಇಟ್ಟುಕೊಳ್ಳಬೇಕು. ಟ್ಯಾಲಿ ವಿಂಡೋಸಿಗಾಗಿಯೇ ಮಾಡಿದ್ದು, ಇದರಲ್ಲಿ ನೇರವಾಗಿ ನಡೆಯದು. ಡಿಜಿಟಲ್ ಸಹಿಯ ಟೋಕನ್ ಬಳಸುವವರು ಅದನ್ನೂ ಮೊದಲೇ ಪರೀಕ್ಷಿಸಬೇಕು. ಇವೆರಡನ್ನು ದಿನವೂ ಅವಲಂಬಿಸಿದವರು ಅವಸರದಿಂದ ಬದಲಾಯಿಸಬಾರದು.

ನಮ್ಮಿಂದ ಆದ ತಪ್ಪು

ವಾರದ ಪರೀಕ್ಷೆ ತೃಪ್ತಿಕರವಾಗಿತ್ತು. ಆ ಹುಮ್ಮಸ್ಸಿನಲ್ಲಿ ಡಾಕ್ಯುಮೆಂಟ್ಸ್ ಕಪಾಟನ್ನು ಮಾತ್ರ ನಕಲು ಮಾಡಿಕೊಂಡು, 'ಡಿಸ್ಕ್ ಅಳಿಸಿ ಅಳವಡಿಸು' ಎಂಬುದನ್ನು ಒತ್ತಿದೆವು. ಕೂಲಿ ಲೆಕ್ಕದ ತಂತ್ರಾಂಶ ತನ್ನ ಕಡತವನ್ನು ಬೇರೊಂದು ಕಡೆ ಇಟ್ಟುಕೊಂಡಿತ್ತು. ಮೂರು ವರ್ಷದ ಲೆಕ್ಕ, ಮುಂಗಡ ಪಡೆದವರ ಬಾಕಿ ಸಹಿತ, ಹೋಯಿತು. ಹಾಜರಿ ಪುಸ್ತಕದಿಂದ ಕೂಲಿಯನ್ನು ಮತ್ತೆ ಬರೆದುಕೊಂಡೆವು. ಮುಂಗಡದ ಬಾಕಿಯನ್ನು ಕೆಲಸದವರ ಬಾಯಿಮಾತಿನ ಮೇಲೆಯೇ ಬರೆದುಕೊಳ್ಳಬೇಕಾಯಿತು. ಅವರು ನ್ಯಾಯವಾಗಿ ಹೇಳಿದರು. ಹೇಳದಿದ್ದರೂ ನಮ್ಮ ಕೈಯಲ್ಲಿ ಆಧಾರವಿರಲಿಲ್ಲ. ನಮ್ಮ ಲೆಕ್ಕ ತಪ್ಪೆಂದು ಅವರಿಗೆ ಅನಿಸಿದ್ದರೆ ಅವರ ಕೈಯಲ್ಲಿಯೂ ಇರುತ್ತಿರಲಿಲ್ಲ.

ಆದ್ದರಿಂದ ಅಳವಡಿಸುವ ಮುನ್ನ ಬೇರೊಂದು ಡಿಸ್ಕಿಗೆ ಎಲ್ಲವನ್ನೂ ನಕಲು ಮಾಡಿ, ಆ ನಕಲನ್ನು ಮತ್ತೊಂದು ಯಂತ್ರದಲ್ಲಿ ತೆರೆದು ನೋಡಿ. ಲೆಕ್ಕದ ತಂತ್ರಾಂಶವಿದ್ದರೆ ಅದರದೇ ಬ್ಯಾಕಪ್ ತೆಗೆಯಿರಿ. ಬಾಕಿಗಳ ಪಟ್ಟಿಯನ್ನು ಕಾಗದದಲ್ಲಿ ಮುದ್ರಿಸಿಡಿ. ಡಿಸ್ಕಿನಲ್ಲಿ ಜಾಗವಿದ್ದರೆ ವಿಂಡೋಸನ್ನು ಉಳಿಸಿ ಅದರ ಪಕ್ಕದಲ್ಲೇ ಲಿನಕ್ಸ್ ಇರಿಸುವ ಆಯ್ಕೆಯೂ ಇದೆ. ನಕಲು ಆಗಲೂ ಬೇಕು. ಅಳವಡಿಸುವಾಗ ಕರೆಂಟು ಹೋದರೆ ಡಿಸ್ಕಿನ ವ್ಯವಸ್ಥೆ ಕೆಡಬಹುದು. ನಮ್ಮ ಕಡೆಯ ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಕೈಹಾಕಬೇಡಿ.

ಯಂತ್ರ ಇನ್ನೂ ನಿಧಾನವೆನಿಸಿದರೆ ಹಳೆಯ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ. ಹೊಸ ಯಂತ್ರದ ಬೆಲೆಯ ಅಲ್ಪ ಭಾಗದಲ್ಲಿ ವೇಗ ಚೆನ್ನಾಗಿ ಹೆಚ್ಚುತ್ತದೆ. ತೆಗೆದ ಹಳೆಯ ಡಿಸ್ಕನ್ನು ಒಂದು ವರ್ಷ ಜೋಪಾನವಾಗಿಡಿ. ನಾವು ಮೊದಲೇ ಹೀಗೆ ಮಾಡಿದ್ದರೆ ಆ ಲೆಕ್ಕ ಉಳಿಯುತ್ತಿತ್ತು.

ಫಸಲು ಕಡಿಮೆಯಾಯಿತೆಂದು ಹಳೆಯ ಕಾಫಿ ಗಿಡವನ್ನು ನಾವು ಕೂಡಲೇ ಬೇರುಸಹಿತ ಕೀಳುವುದಿಲ್ಲ. ಬೇರು ಗಟ್ಟಿಯಿದ್ದರೆ ಕಾಂಡ ಕತ್ತರಿಸಿ ಹೊಸ ಚಿಗುರು ಬಿಡಿಸುತ್ತೇವೆ. ಯಂತ್ರಕ್ಕೂ ಅಂಥದೊಂದು ಅವಕಾಶ ಕೊಡಬಹುದು. ಕೆಟ್ಟರೆ ಇನ್ನೊಂದು ಯಂತ್ರ ಕೊಳ್ಳಬಹುದು, ಲೆಕ್ಕವನ್ನು ಕೊಳ್ಳಲಾಗದು ಎಂಬುದನ್ನು ಸದಸ್ಯರು ಗಮನದಲ್ಲಿಡಬೇಕು.