ಕೀಟನಾಶಕಗಳ ಸುರಕ್ಷಿತ ಬಳಕೆ: ತರಬೇತಿ ತಲುಪಬೇಕಾದುದು ಯಾರಿಗೆ?

ಕೀಟನಾಶಕವನ್ನು ಕೊಳ್ಳುವವರು ಒಬ್ಬರು, ಸಿಂಪಡಿಸುವವರು ಅನೇಕ ವೇಳೆ ಮತ್ತೊಬ್ಬರು. ಜಮೀನಿನ ಒಡೆಯರು ಅಂಗಡಿಯಿಂದ ಔಷಧಿ ತಂದುಕೊಡುತ್ತಾರೆ. ಪಂಪನ್ನು ಬೆನ್ನಿಗೇರಿಸುವವರು ದಿನಗೂಲಿಯ ಕಾರ್ಮಿಕರು. ನೀರು ಹೊತ್ತು ತರುವವರು, ವಿಷ ಸೋಕಿದ ಬಟ್ಟೆ ಒಗೆಯುವವರು ಮಹಿಳೆಯರು. ಆದರೆ ತರಬೇತಿಯ ಆಹ್ವಾನವು ಸಾಮಾನ್ಯವಾಗಿ ಪಹಣಿಯಲ್ಲಿ ಹೆಸರಿರುವವರಿಗೆ ಹೋಗುತ್ತದೆ. ಹೀಗಾಗಿ ವಿಷಕ್ಕೆ ಅತಿ ಸಮೀಪದಲ್ಲಿರುವವರೇ ತಿಳಿವಳಿಕೆಯಿಂದ ದೂರ ಉಳಿಯುತ್ತಾರೆ. ಇದು ಗ್ರಾಮ ಪಂಚಾಯತಿಯು ನಿವಾರಿಸಬಹುದಾದ ಕೊರತೆ.

ಈ ಕೊರತೆಯ ಬೆಲೆ ಸಣ್ಣದಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಸಿಂಪಡಿಸುವಾಗ ವಿಷಬಾಧೆಗೆ ಒಳಗಾಗಿ ಸುಮಾರು 20 ಮಂದಿ ರೈತರು ಮತ್ತು ಕೂಲಿಕಾರರು ಮೃತಪಟ್ಟರು. ನೂರಾರು ಮಂದಿ ಆಸ್ಪತ್ರೆ ಸೇರಿದರು. ಎತ್ತರಕ್ಕೆ ಬೆಳೆದ ಗಿಡಗಳ ನಡುವೆ, ರಕ್ಷಣಾ ಉಡುಪಿಲ್ಲದೆ, ಒಂದಕ್ಕಿಂತ ಹೆಚ್ಚು ಔಷಧಿಗಳನ್ನು ಬೆರೆಸಿ ಸಿಂಪಡಿಸಿದ್ದು ಅಲ್ಲಿ ಕಂಡುಬಂದ ಕಾರಣಗಳಲ್ಲಿ ಮುಖ್ಯವಾದುದು. ರಾಯಚೂರು, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿಯೂ ಹತ್ತಿ ಬೆಳೆಯುವುದರಿಂದ ಆ ಪಾಠ ನಮ್ಮ ರಾಜ್ಯಕ್ಕೂ ಅನ್ವಯಿಸುತ್ತದೆ.

1968ರ ಕೀಟನಾಶಕ ಕಾಯ್ದೆಯಡಿ ರಚಿತವಾದ 1971ರ ನಿಯಮಗಳು ಕೆಲಸಗಾರರಿಗೆ ರಕ್ಷಣಾ ಉಡುಪು, ಪ್ರಥಮ ಚಿಕಿತ್ಸೆ ಹಾಗೂ ತರಬೇತಿಯನ್ನು ವಿಧಿಸಿವೆ. ಮಾರಾಟಗಾರರಿಗಾಗಿ ಹೈದರಾಬಾದಿನ ಮ್ಯಾನೇಜ್ ಸಂಸ್ಥೆಯು 48 ವಾರಗಳ 'ದೇಸಿ' ಡಿಪ್ಲೊಮಾವನ್ನು ರೂಪಿಸಿದೆ. ಆದರೆ ಒಂದು ದಿನದ ಕೂಲಿಗೆ ಬರುವ ಸಿಂಪಡಣೆಗಾರರವರೆಗೆ ಈ ವ್ಯವಸ್ಥೆ ತಾನಾಗಿ ತಲುಪುವುದು ವಿರಳ. ಆದ್ದರಿಂದ ಊರಿನಲ್ಲೇ ಇರುವ ಕೃಷಿ ಸಖಿಯರು, ಸ್ವಸಹಾಯ ಸಂಘದ ಸದಸ್ಯೆಯರು ಮತ್ತು ಆಶಾ ಕಾರ್ಯಕರ್ತೆಯರನ್ನು ಮೊದಲು ಬೋಧಕರನ್ನಾಗಿ ಸಜ್ಜುಗೊಳಿಸುವುದು ಸೂಕ್ತ.

ಬೋಧನೆಯು ಭಾಷಣವಾಗದೆ ಪ್ರಾತ್ಯಕ್ಷಿಕೆಯಾಗಿರಬೇಕು. ಪಂಪಿಗೆ ಬಣ್ಣದ ನೀರು ತುಂಬಿ, ಬಿಳಿ ಅಂಗಿ ತೊಟ್ಟವರಿಂದ ಸಿಂಪಡಿಸಿದರೆ ದ್ರಾವಣವು ಮೈಯ ಯಾವ ಭಾಗಕ್ಕೆ ಬೀಳುತ್ತದೆಂಬುದು ಎಲ್ಲರಿಗೂ ಕಾಣುತ್ತದೆ. ಸವೆದ ವಾಷರಿನಿಂದ ಸೋರುವ ಪಂಪು ದಿನವಿಡೀ ಬೆನ್ನನ್ನು ತೋಯಿಸುತ್ತದೆ; ಅಲ್ಪ ವೆಚ್ಚದ ಆ ಬಿಡಿಭಾಗವನ್ನು ಬದಲಿಸುವ ಕ್ರಮವನ್ನೂ ಕಲಿಸಬೇಕು. ಕಟ್ಟಿಕೊಂಡ ನಳಿಕೆಯನ್ನು ಬಾಯಿಂದ ಊದಬಾರದು. ಗಾಳಿಗೆ ಎದುರಾಗಿ ಸಿಂಪಡಿಸಬಾರದು.

ಓದು ಬಾರದವರಿಗೂ ಲೇಬಲಿನ ತ್ರಿಕೋನದ ಬಣ್ಣವನ್ನು ಗುರುತಿಸಲು ಸಾಧ್ಯ. ಕೆಂಪು ಎಂದರೆ ಅತ್ಯಂತ ತೀವ್ರ ವಿಷ. ಹಳದಿ, ನೀಲಿ, ಹಸಿರು ಕ್ರಮವಾಗಿ ಅದಕ್ಕಿಂತ ಕಡಿಮೆ. ಹಸಿರು ಎಂದರೆ ನಿರಪಾಯವೆಂದಲ್ಲ ಎಂಬುದನ್ನು ವಿಶೇಷವಾಗಿ ಒತ್ತಿ ಹೇಳಬೇಕು.

ತಲೆಸುತ್ತು, ವಾಂತಿ, ಅತಿಯಾದ ಬೆವರು, ಜೊಲ್ಲು, ಮಂಜಾದ ದೃಷ್ಟಿ ಕಂಡುಬಂದರೆ ಕೂಡಲೇ ಕೆಲಸ ನಿಲ್ಲಿಸಿ, ಬಟ್ಟೆ ಕಳಚಿ, ಮೈಯನ್ನು ಸೋಪು ನೀರಿನಿಂದ ತೊಳೆದು, 108ಕ್ಕೆ ಕರೆ ಮಾಡಬೇಕು. ಬಲವಂತವಾಗಿ ವಾಂತಿ ಮಾಡಿಸಬಾರದು. ಔಷಧಿಯ ಡಬ್ಬಿಯನ್ನು ಅಥವಾ ಲೇಬಲನ್ನು ಆಸ್ಪತ್ರೆಗೆ ಒಯ್ಯುವುದು ಕಡ್ಡಾಯವೆಂದೇ ತಿಳಿಯಬೇಕು. ಯಾವ ವಿಷವೆಂದು ತಿಳಿದರೆ ವೈದ್ಯರ ಚಿಕಿತ್ಸೆ ಬೇಗ ಸರಿದಾರಿಗೆ ಬರುತ್ತದೆ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು:

1. ತಮ್ಮ ಕ್ಷೇತ್ರದಲ್ಲಿ ಕೂಲಿಗೆ ಸಿಂಪಡಿಸುವವರ ಪಟ್ಟಿಯನ್ನು ಮುಂಗಾರಿಗೆ ಮುನ್ನವೇ ಸಿದ್ಧಪಡಿಸುವುದು.
2. ರೈತ ಸಂಪರ್ಕ ಕೇಂದ್ರ ಮತ್ತು ಕೃಷಿ ವಿಜ್ಞಾನ ಕೇಂದ್ರದ ನೆರವಿನಿಂದ, ಕೂಲಿ ತಪ್ಪದಂತೆ ಸಂಜೆಯ ವೇಳೆ ತರಬೇತಿ ಏರ್ಪಡಿಸುವುದು.
3. ವಿಷಬಾಧೆಯ ಚಿಕಿತ್ಸೆಗೆ ಬೇಕಾದ ಔಷಧಿಗಳ ಲಭ್ಯತೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳುವುದು.
4. ಖಾಲಿ ಡಬ್ಬಿಗಳನ್ನು ಮೂರು ಬಾರಿ ತೊಳೆದು, ಆ ನೀರನ್ನು ಪಂಪಿಗೇ ಸುರಿದು, ಡಬ್ಬಿಗೆ ತೂತು ಕೊರೆದು ಪ್ರತ್ಯೇಕವಾಗಿ ಇರಿಸುವಂತೆ ತಿಳಿಸುವುದು. ಅವುಗಳಲ್ಲಿ ನೀರು, ಎಣ್ಣೆ ತುಂಬುವುದನ್ನು ತಡೆಯುವುದು.
5. ತರಬೇತಿ ಪಡೆದವರ ಹೆಸರುಗಳನ್ನು ಗ್ರಾಮ ಸಭೆಯಲ್ಲಿ ಓದಿ, ಬಿಟ್ಟುಹೋದವರನ್ನು ಮುಂದಿನ ತಂಡಕ್ಕೆ ಸೇರಿಸುವುದು.

ಎಷ್ಟು ತರಬೇತಿಗಳು ನಡೆದವು ಎಂಬುದಕ್ಕಿಂತ, ಪಂಪು ಹೊರುವವರಲ್ಲಿ ಎಷ್ಟು ಮಂದಿ ಅಲ್ಲಿ ಹಾಜರಿದ್ದರು ಎಂಬುದೇ ಈ ಕಾರ್ಯದ ನಿಜವಾದ ಅಳತೆ.