ಗೊತ್ತಿದ್ದ ಉತ್ತರ ಬಾಯಿಗೆ ಬಾರದೇಕೆ?

ಹುಬ್ಬಳ್ಳಿ, ಬೆಳಗಾವಿಯಿಂದ ರಾತ್ರಿ ಹೊರಟ ಬಸ್ಸುಗಳು ನಸುಕಿನಲ್ಲಿ ಪುಣೆಯ ಅಂಚು ಮುಟ್ಟಿದಾಗ ವಾಕಡದ ಸೇತುವೆ ಬಳಿ ಕೆಲವು ಹುಡುಗ ಹುಡುಗಿಯರು ಇಳಿಯುತ್ತಾರೆ. ಬೆನ್ನಿಗೊಂದು ಬ್ಯಾಗು, ಎದೆಗೊತ್ತಿಕೊಂಡ ಅಂಕಪಟ್ಟಿಯ ಫೈಲು. ಗೆಳೆಯರ ಪಿಜಿಯಲ್ಲಿ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಪಕ್ಕದ ಹಿಂಜವಡಿಯ ಐಟಿ ಪಾರ್ಕಿನಲ್ಲಿ ಇಂಟರ್‌ವ್ಯೂಗೆ ಹೋಗುತ್ತಾರೆ. ಸಂಜೆ ಮರಳಿ ಬಂದವರಲ್ಲಿ ಒಬ್ಬರಾದರೂ ಹೇಳುವ ಮಾತಿದು: "ಎಲ್ಲಾ ಗೊತ್ತಿತ್ತಣ್ಣಾ, ಬಾಯಿಗೇ ಬರಲಿಲ್ಲ."

ಇದನ್ನು ನೆಪವೆಂದು ತಳ್ಳಿಹಾಕಬೇಡಿ. ಮಾತು ನಿಜ. ಅದಕ್ಕೆ ಶರೀರಶಾಸ್ತ್ರದ ಸಾಕ್ಷಿಯೂ ಇದೆ.

ಮನುಷ್ಯನ ದೇಹದಲ್ಲಿ ಒತ್ತಡ ಹುಟ್ಟಿಸಿ ಅಳೆಯಬೇಕಾದಾಗ ವಿಜ್ಞಾನಿಗಳು ಇವತ್ತಿಗೂ ಹೆಚ್ಚಾಗಿ ಬಳಸುವುದು ಏನನ್ನು ಗೊತ್ತೇ? ಸುಳ್ಳು ಉದ್ಯೋಗ ಸಂದರ್ಶನವನ್ನು! ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದ ಸಂಶೋಧಕರು 1993ರಲ್ಲಿ ಈ ಪರೀಕ್ಷೆಯನ್ನು ಪ್ರಕಟಿಸಿದರು. ಸಿದ್ಧವಾಗಲು ಹತ್ತು ನಿಮಿಷ ಕೊಟ್ಟು, ಆಮೇಲೆ ಮುಖದಲ್ಲಿ ಯಾವ ಭಾವವನ್ನೂ ತೋರದ ತೀರ್ಪುಗಾರರ ಎದುರು ಐದು ನಿಮಿಷ 'ಈ ಕೆಲಸಕ್ಕೆ ನಾನೇ ತಕ್ಕವನು' ಎಂದು ಮಾತನಾಡಿಸುತ್ತಾರೆ. ಅದು ಮುಗಿದದ್ದೇ 1022ರಿಂದ ಹದಿಮೂರು ಹದಿಮೂರು ಕಳೆಯುತ್ತ ಹಿಂದಕ್ಕೆ ಎಣಿಸಬೇಕು: 1009, 996, 983... ತಪ್ಪಿದರೆ ಮತ್ತೆ 1022ರಿಂದಲೇ ಶುರು. ಮನೆಯಲ್ಲಿ ಕೂತು ಎಣಿಸಿ ನೋಡಿ, ಬರುತ್ತದೆ. ಮೂವರು ನಿಮ್ಮನ್ನೇ ದಿಟ್ಟಿಸುತ್ತಿರುವಾಗ ತಡವರಿಸುತ್ತೀರಿ. ಪರೀಕ್ಷೆಗೆ ಕೂತವರ ಎಂಜಲಿನಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಎರಡರಿಂದ ನಾಲ್ಕು ಪಟ್ಟು ಏರಿತ್ತು.

ಅಪಾಯದ ಸುಳಿವು ಸಿಕ್ಕೊಡನೆ ಮಿದುಳಿನ ಆಳದಲ್ಲಿರುವ ಅಮಿಗ್ಡಲ ಎಚ್ಚರಿಕೆ ಕೊಡುತ್ತದೆ. ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿಗಳು ಕ್ಷಣಗಳಲ್ಲಿ ಅಡ್ರಿನಲಿನ್ನನ್ನೂ, ಕೆಲವು ನಿಮಿಷಗಳ ನಂತರ ಕಾರ್ಟಿಸಾಲನ್ನೂ ರಕ್ತಕ್ಕೆ ಬಿಡುತ್ತವೆ. ಎದೆ ಡವಡವ, ಅಂಗೈಯಲ್ಲಿ ಬೆವರು, ನಾಲಿಗೆ ಒಣಒಣ. ಓಡಲು, ಹೋರಾಡಲು ದೇಹ ತಯಾರು. ಆದರೆ ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸ್ ಇದೇ ಹೊತ್ತಿಗೆ ಮಂಕಾಗುತ್ತದೆ. ಪ್ರಶ್ನೆಯನ್ನು ಮನಸ್ಸಿನಲ್ಲಿ ಹಿಡಿದಿಟ್ಟು, ಉತ್ತರವನ್ನು ಹುಡುಕಿ, ಪದ ಜೋಡಿಸುವ ಕೆಲಸ ಅದರದು. ಒಮ್ಮೆಗೆ ನಾಲ್ಕಾರು ಸಂಗತಿಗಳನ್ನಷ್ಟೇ ಹಿಡಿಯಬಲ್ಲ ಆ ಪುಟ್ಟ ಜಾಗದಲ್ಲಿ 'ಇವರು ನನ್ನ ಬಗ್ಗೆ ಏನೆಂದುಕೊಂಡರು' ಎಂಬ ಚಿಂತೆ ಬಂದು ಕೂತರೆ ಉತ್ತರಕ್ಕೆ ಜಾಗವೆಲ್ಲಿ? ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ವಾಕ್ಯ ಕಟ್ಟುವ ಹೊರೆಯೂ ಅದೇ ಜಾಗಕ್ಕೆ ಬೀಳುತ್ತದೆ. ನಮ್ಮ ಹಳ್ಳಿಯ ಜಾಣ ಮಕ್ಕಳು ದಡ್ಡರಂತೆ ಕಾಣಿಸುವುದು ಹೀಗೆ. ಈ ಅನ್ಯಾಯ ನನ್ನನ್ನು ಬಹಳ ಕಾಡುತ್ತದೆ.

ವಾಕಡದಿಂದ ಕೆಲವೇ ಕಿಲೋಮೀಟರ್ ದೂರದ ಪಿಂಪ್ರಿಯಲ್ಲಿ 1974ರಲ್ಲಿ ನಡೆದ ಒಂದು ಸಂದರ್ಶನವನ್ನು ಇಲ್ಲಿ ನೆನೆಯಬೇಕು. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದುತ್ತಿದ್ದ ಸುಧಾ ಕುಲಕರ್ಣಿ, ಅಂದರೆ ಇಂದಿನ ಸುಧಾ ಮೂರ್ತಿ, ಮಹಿಳೆಯರು ಅರ್ಜಿ ಹಾಕಬೇಕಿಲ್ಲ ಎಂಬ ಟೆಲ್ಕೊ (ಇಂದಿನ ಟಾಟಾ ಮೋಟರ್ಸ್) ಜಾಹೀರಾತು ಕಂಡು ಕೆರಳಿ ನೇರ ಜೆ.ಆರ್.ಡಿ. ಟಾಟಾ ಅವರಿಗೇ ಕಾರ್ಡು ಬರೆದರು. ಕೆಲವೇ ದಿನಗಳಲ್ಲಿ ಪುಣೆಗೆ ಕರೆ ಬಂತು. ಒಳಗೆ ಹೋದಾಗ ಕಾಗದ ಬರೆದವಳು ಇವಳೇ ಎಂಬ ಪಿಸುಮಾತು ಕಿವಿಗೆ ಬಿತ್ತು. ಕೆಲಸ ಸಿಗುವುದಿಲ್ಲ ಎಂದು ಆಗಲೇ ಖಾತ್ರಿಯಾಯಿತು, ಖಾತ್ರಿಯಾದದ್ದೇ ಭಯವೆಲ್ಲ ಹೊರಟುಹೋಯಿತು ಎಂದು ಅವರೇ ಬರೆದಿದ್ದಾರೆ. ತಾಂತ್ರಿಕ ಪ್ರಶ್ನೆಗಳಿಗೆಲ್ಲ ಸಮಾಧಾನದಿಂದ ಉತ್ತರಿಸಿದರು, ಕೆಲಸವೂ ಸಿಕ್ಕಿತು. ಭಯ ಖಾಲಿ ಮಾಡಿದ ಜಾಗವನ್ನು ಓದಿದ ವಿದ್ಯೆ ತುಂಬಿತು. ಬರೀ ಧೈರ್ಯವಿದ್ದು ವಿದ್ಯೆ ಇಲ್ಲದಿದ್ದರೆ ಆ ಪ್ರಶ್ನೆಗಳಿಗೆ ಉತ್ತರ ಎಲ್ಲಿಂದ ಬರಬೇಕಿತ್ತು?

ಕೆಲಸದ ಆಸೆ ಬಿಟ್ಟು ಹೋಗಿ ಎಂದು ಸಾಲ ಮಾಡಿ ಓದಿದವರಿಗೆ ಹೇಳಲಾಗದು. ಎದೆಬಡಿತದ ಹೆಸರನ್ನು ಮಾತ್ರ ಬದಲಿಸಬಹುದು. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣಕ್ಕೆ ಮುನ್ನ 'ನಾನು ಶಾಂತನಾಗಿದ್ದೇನೆ' ಎಂದುಕೊಂಡವರಿಗಿಂತ 'ನನಗೆ ಉತ್ಸಾಹ ಬಂದಿದೆ' ಎಂದುಕೊಂಡವರು ಚೆನ್ನಾಗಿ ಮಾತನಾಡಿದರು. ಭಯಕ್ಕೂ ಉತ್ಸಾಹಕ್ಕೂ ದೇಹದ ಪ್ರತಿಕ್ರಿಯೆ ಹೆಚ್ಚುಕಡಿಮೆ ಒಂದೇ. ಓಡುತ್ತಿರುವ ಎದೆಗೆ ಸುಮ್ಮನಿರು ಎಂದರೆ ಕೇಳುವುದಿಲ್ಲ. ಇನ್ನೊಂದು ಸಂಗತಿಯೂ ತಿಳಿದಿರಲಿ: ನಿಮ್ಮ ನಡುಕ ನಿಮಗೆ ಗೊತ್ತಾಗುವಷ್ಟು ಎದುರಿನವರಿಗೆ ಗೊತ್ತಾಗುವುದಿಲ್ಲ. ಮನಶ್ಶಾಸ್ತ್ರಜ್ಞರಾದ ಸವಿಟ್ಸ್ಕಿ ಮತ್ತು ಗಿಲೋವಿಚ್ 2003ರಲ್ಲಿ ಇದನ್ನು ತೋರಿಸಿದರು. ಈ ಮಾತು ಮೊದಲೇ ತಿಳಿದಿದ್ದ ಭಾಷಣಕಾರರು ಉಳಿದವರಿಗಿಂತ ಚೆನ್ನಾಗಿ ಮಾತನಾಡಿದರು.

ಸೊಂಟಕ್ಕೆ ಕೈಯಿಟ್ಟು ಎರಡು ನಿಮಿಷ ವೀರಭಂಗಿಯಲ್ಲಿ ನಿಂತರೆ ಹಾರ್ಮೋನು ಬದಲಾಗುತ್ತದೆ ಎಂಬ ವಿಡಿಯೊಗಳನ್ನು ನೀವೂ ನೋಡಿರಬಹುದು. ಅದು 2010ರ ಒಂದು ಅಧ್ಯಯನದ ಮಾತು. 2015ರಲ್ಲಿ ದೊಡ್ಡ ಗುಂಪಿನ ಮೇಲೆ ಮತ್ತೆ ಪರೀಕ್ಷಿಸಿದಾಗ ಹಾರ್ಮೋನಿನಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಅದನ್ನು ಬಿಡಿ.

ತಯಾರಿಯ ವಿಷಯಕ್ಕೆ ಬಂದರೆ, ನಮ್ಮ ಮಕ್ಕಳು ಮಾಡುವ ದೊಡ್ಡ ತಪ್ಪು ನೋಟ್ಸನ್ನು ಮತ್ತೆ ಮತ್ತೆ ಓದುವುದು. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮರಳಿ ಓದಿದ ವಿದ್ಯಾರ್ಥಿಗಳಿಗೆ ವಾರದ ನಂತರ ಶೇ. 42ರಷ್ಟು ನೆನಪಿತ್ತು. ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರಿಗೆ ಶೇ. 56ರಷ್ಟು. ಓದಿದ ಐದೇ ನಿಮಿಷಕ್ಕೆ ಪರೀಕ್ಷಿಸಿದಾಗ ಮಾತ್ರ ಮರಳಿ ಓದಿದವರೇ ಮುಂದಿದ್ದರು. ಮೋಸ ಇರುವುದೇ ಅಲ್ಲಿ: ಓದಿದೊಡನೆ ಎಲ್ಲ ಬಂದಂತೆ ಅನಿಸುತ್ತದೆ. ಇಂಟರ್‌ವ್ಯೂ ಬಾಯಿಮಾತಿನ ಪರೀಕ್ಷೆ, ಆದ್ದರಿಂದ ಅಭ್ಯಾಸವೂ ಬಾಯಿಂದಲೇ ಆಗಬೇಕು. 'ನಿಮ್ಮ ಪ್ರಾಜೆಕ್ಟ್ ಬಗ್ಗೆ ಹೇಳಿ' ಎಂಬ ಪ್ರಶ್ನೆಗೆ ಪುಸ್ತಕ ಮುಚ್ಚಿ, ಗಟ್ಟಿಯಾಗಿ, ಇಂಗ್ಲಿಷಿನಲ್ಲಿ ಹತ್ತು ಸಲ ಉತ್ತರಿಸಿದವರಿಗೆ ಹನ್ನೊಂದನೆಯ ಸಲ ವಾಕ್ಯ ಹುಡುಕುವ ಹೊರೆ ಇಳಿದಿರುತ್ತದೆ.

ಮನಶ್ಶಾಸ್ತ್ರಜ್ಞರಾದ ಡಿಕರ್ಸನ್ ಮತ್ತು ಕೆಮೆನಿ 2004ರಲ್ಲಿ 208 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಕಾರ್ಟಿಸಾಲನ್ನು ಅತಿ ಹೆಚ್ಚು ಏರಿಸಿದ್ದು ಎರಡು ಸಂಗತಿಗಳು ಕೂಡಿದಾಗ: ಇತರರು ನಮ್ಮನ್ನು ಅಳೆಯುತ್ತಿರುವುದು ಮತ್ತು ಪರಿಸ್ಥಿತಿ ನಮ್ಮ ಕೈಮೀರಿರುವುದು. ಮೊದಲನೆಯದನ್ನು ತಪ್ಪಿಸಲಾಗದು. ಎರಡನೆಯದನ್ನು ತಕ್ಕಮಟ್ಟಿಗೆ ತಗ್ಗಿಸಬಹುದು. ಬೆಳಗಿನ ಹೊತ್ತು ವಾಕಡದ ಭುಮಕರ ಚೌಕದಿಂದ ಹಿಂಜವಡಿಗೆ ಹೋಗುವ ವಾಹನಗಳ ದಟ್ಟಣೆಯಲ್ಲಿ ಸಿಕ್ಕಿಬಿದ್ದರೆ ಹೊತ್ತಿಗೆ ತಲುಪುವುದೂ ಕೈಮೀರುತ್ತದೆ. ಹಿಂದಿನ ದಿನವೇ ಬಂದು, ದಾರಿ ನೋಡಿಕೊಂಡು, ರಾತ್ರಿ ನಿದ್ದೆ ಮಾಡಿ. ಬಸ್ಸಿನಲ್ಲಿ ನಿದ್ದೆಗೆಟ್ಟ ರಾತ್ರಿಯೂ ಅದೇ ಪ್ರಿಫ್ರಂಟಲ್ ಕಾರ್ಟೆಕ್ಸನ್ನೇ ಮಂಕು ಮಾಡುತ್ತದೆ.

ವಾಕಡ, ಹಿಂಜವಡಿ, ಪಿಂಪ್ರಿಯಲ್ಲಿ ಈಗಾಗಲೇ ನೆಲೆ ನಿಂತಿರುವ ಕನ್ನಡಿಗರಲ್ಲಿ ನನ್ನದೊಂದು ಕೋರಿಕೆ. ಊರಿನ ಹುಡುಗನೋ ಹುಡುಗಿಯೋ ಇಂಟರ್‌ವ್ಯೂಗೆಂದು ಬಂದಾಗ ಊಟ ಹಾಕಿ, ಉಳಿಯಲು ಜಾಗ ಕೊಡುತ್ತೀರಿ, ಸಂತೋಷ. ಅದರ ಜೊತೆಗೆ ಅರ್ಧ ಗಂಟೆ ಟೇಬಲ್ಲಿನ ಆಚೆ ಕೂತು, ನಗದೆ, ತಲೆಯಾಡಿಸದೆ, ಆ ಮಗುವಿಗೆ ಪ್ರಶ್ನೆ ಕೇಳಿ. ತಡವರಿಸಿದಾಗ ಉತ್ತರ ಹೇಳಿಕೊಡದೆ ಕಾಯಿರಿ. ಮೊದಲ ನಡುಕ ನಿಮ್ಮ ಮನೆಯಲ್ಲೇ ಕಳೆಯಲಿ.