ಜ್ವರದ ಅಳತೆ: ವೈದ್ಯರಾಡುವ ಇಂಗ್ಲಿಷ್ ಪದಗಳ ಅರ್ಥ

ಶರಣರು ಕಾಯವನ್ನು ಹೀನವೆಂದು ಕಾಣಲಿಲ್ಲ. ದೇವರು ನೆಲಸುವ ಆಲಯವೆಂದು ಭಾವಿಸಿದರು. ಲಿಂಗಪೂಜೆಗೂ ಕಾಯಕಕ್ಕೂ ದಾಸೋಹಕ್ಕೂ ಆಧಾರವಾದ ಈ ದೇಹದ ಆರೈಕೆ ಭಕ್ತರ ಕರ್ತವ್ಯಗಳಲ್ಲೊಂದು. ಮನೆಯಲ್ಲಿ ಯಾರಿಗಾದರೂ ಜ್ವರ ಬಂದಾಗ ಹಣೆ ಮುಟ್ಟಿ ನೋಡಿ ‘ಮೈ ಬೆಚ್ಚಗಿದೆ’, ‘ಕೆಂಡದಂತೆ ಸುಡುತ್ತಿದೆ’ ಎನ್ನುವುದು ನಮ್ಮ ರೂಢಿ. ವೈದ್ಯರಿಗೆ ಇಷ್ಟು ಸಾಲದು. ಅವರಿಗೆ ಅಂಕಿ ಬೇಕು. ಆ ಅಂಕಿಯ ಸುತ್ತಲಿನ ಮಾತುಗಳೆಲ್ಲ ಇಂಗ್ಲಿಷಿನವು. ಅವು ಕೆಲವೇ ಪದಗಳಾದರೂ ಒಂದನ್ನು ತಪ್ಪಾಗಿ ಕೇಳಿದರೆ ಅಥವಾ ಹೇಳಿದರೆ ಚಿಕಿತ್ಸೆಯೇ ದಾರಿ ತಪ್ಪಬಹುದು.

ಮೊದಲನೆಯದು ‘ಟೆಂಪರೇಚರ್’. ಇದರ ಅರ್ಥ ತಾಪಮಾನ. ಆರೋಗ್ಯವಂತರಿಗೂ ಟೆಂಪರೇಚರ್ ಇದ್ದೇ ಇರುತ್ತದೆ. ಅದು ಸಹಜ ಮಟ್ಟವನ್ನು ಮೀರಿದಾಗ ‘ಫೀವರ್’, ಅಂದರೆ ಜ್ವರ. ಆಡುಮಾತಿನಲ್ಲಿ ಮಾತ್ರ ‘ಟೆಂಪರೇಚರ್ ಇದೆ’ ಎಂದರೆ ಜ್ವರವಿದೆ ಎಂದೇ ಅರ್ಥ. ‘ಹೀಟ್’ ಎಂಬುದು ಬೇರೆ ಮಾತು. ಬಾಯಿಹುಣ್ಣಾದಾಗ, ಉರಿಮೂತ್ರವಾದಾಗ ನಾವು ‘ಉಷ್ಣವಾಗಿದೆ’, ‘ಹೀಟ್ ಆಗಿದೆ’ ಎನ್ನುತ್ತೇವೆ. ಆ ಉಷ್ಣ ಅಳತೆಗೆ ಸಿಗುವ ತಾಪವಲ್ಲ. ಆದುದರಿಂದ ವೈದ್ಯರ ಮುಂದೆ ‘ಹೀಟ್’ ಎನ್ನುವ ಬದಲು, ಇರುವ ತೊಂದರೆಯನ್ನೇ ಬಿಡಿಸಿ ಹೇಳುವುದು ಲೇಸು.

ಅಳೆಯುವ ಸಾಧನ ‘ಥರ್ಮಾಮೀಟರ್’. ಬಿಸಿ ಮತ್ತು ಅಳತೆ ಎಂಬರ್ಥದ ಎರಡು ಗ್ರೀಕ್ ಪದಗಳಿಂದ ಈ ಹೆಸರು ಬಂದಿದೆ. ಅಳತೆಯ ಒಂದೊಂದು ಮೆಟ್ಟಿಲೂ ಒಂದು ‘ಡಿಗ್ರಿ’. ಈ ಮೆಟ್ಟಿಲುಗಳನ್ನು ಎಣಿಸುವ ಕ್ರಮ ಎರಡು ಬಗೆ. ‘ಫ್ಯಾರನ್‌ಹೀಟ್’ ಮಾನವನ್ನು ಅದೇ ಹೆಸರಿನ ವಿಜ್ಞಾನಿ 1724ರಲ್ಲಿ ಪ್ರಕಟಿಸಿದನು. ಅದರಲ್ಲಿ ನೀರು 32 ಡಿಗ್ರಿಗೆ ಹೆಪ್ಪುಗಟ್ಟಿ 212 ಡಿಗ್ರಿಗೆ ಕುದಿಯುತ್ತದೆ. ‘ಸೆಲ್ಸಿಯಸ್’ ಮಾನವು ಸ್ವೀಡನ್ ದೇಶದ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ಮಂಡಿಸಿದ ಅಳತೆಯಿಂದ ಬೆಳೆದದ್ದು. ಅದರಲ್ಲಿ ಈ ಅಂಕಿಗಳು 0 ಮತ್ತು 100. ಹಿರಿಯರು ಶಾಲೆಯಲ್ಲಿ ಕಲಿತ ‘ಸೆಂಟಿಗ್ರೇಡ್’ ಇದರ ಹಳೆಯ ಹೆಸರು.

ನಮ್ಮಲ್ಲಿ ಹವೆಯ ತಾಪವನ್ನು ಸೆಲ್ಸಿಯಸ್‌ನಲ್ಲಿ ಹೇಳುತ್ತಾರೆ. ಜ್ವರವನ್ನು ಬಹುಮಟ್ಟಿಗೆ ಫ್ಯಾರನ್‌ಹೀಟ್‌ನಲ್ಲಿ ಹೇಳುತ್ತಾರೆ. ಗೊಂದಲ ಹುಟ್ಟುವುದು ಇಲ್ಲಿಯೇ. ಬೇಸಿಗೆಯ ರಾಯಚೂರು, ಕಲಬುರಗಿಗಳಲ್ಲಿ 40 ಡಿಗ್ರಿ ಹೊಸದೇನಲ್ಲ. ಆದರೆ ಮೈಯ ತಾಪ 40 ಸೆಲ್ಸಿಯಸ್ ಎಂದರೆ ಅದು 104 ಫ್ಯಾರನ್‌ಹೀಟ್, ತೀವ್ರ ಜ್ವರ. ಡಿಜಿಟಲ್ ಥರ್ಮಾಮೀಟರಿನ ಪರದೆಯಲ್ಲಿ 39 ಎಂದು ಕಂಡು, ‘ನೂರಕ್ಕಿಂತ ಎಷ್ಟೋ ಕಡಿಮೆಯಿದೆ’ ಎಂದು ಸಮಾಧಾನಪಟ್ಟುಕೊಂಡರೆ ಅಪಾಯ. ಅಂಕಿಯ ಪಕ್ಕದ ಅಕ್ಷರವನ್ನು ನೋಡಬೇಕು: ‘ಸಿ’ ಇದ್ದರೆ ಸೆಲ್ಸಿಯಸ್, ‘ಎಫ್’ ಇದ್ದರೆ ಫ್ಯಾರನ್‌ಹೀಟ್. ನಾಲ್ಕು ಜೋಡಿಗಳನ್ನು ನೆನಪಿಟ್ಟರೆ ಸಾಕು: 37 ಎಂದರೆ 98.6, 38 ಎಂದರೆ 100.4, 39 ಎಂದರೆ 102.2, 40 ಎಂದರೆ 104. ಮೊದಲನೆಯದು ‘ನಾರ್ಮಲ್’, ಅಂದರೆ ಸಹಜ. ಇದು ಸರಾಸರಿಯಾದುದರಿಂದ ತುಸು ಹೆಚ್ಚುಕಡಿಮೆ ಇದ್ದರೆ ರೋಗವಲ್ಲ. ಎರಡನೆಯದರಿಂದ ಮೇಲಕ್ಕೆ ಸಾಮಾನ್ಯವಾಗಿ ಜ್ವರವೆಂದು ಎಣಿಸುತ್ತಾರೆ.

ಎಲ್ಲಕ್ಕಿಂತ ಎಚ್ಚರ ಬೇಕಾದ ಪದ ‘ಪಾಯಿಂಟ್’. ಅದು ಅಂಕಿಗಳ ನಡುವಿನ ದಶಮಾಂಶದ ಚುಕ್ಕೆ. ‘ಹಂಡ್ರೆಡ್ ಪಾಯಿಂಟ್ ಫೋರ್’ ಎಂದರೆ 100.4, ಸಣ್ಣ ಜ್ವರ. ‘ಹಂಡ್ರೆಡ್ ಅಂಡ್ ಫೋರ್’ ಎಂದರೆ 104. ಫೋನಿನಲ್ಲಿ ಆ ಒಂದು ಪದ ಬಿಟ್ಟುಹೋದರೆ ವೈದ್ಯರ ಸಲಹೆಯೇ ಬದಲಾಗುತ್ತದೆ. ಸಂದೇಹವಿದ್ದರೆ ಅಂಕಿಗಳನ್ನು ಬಿಡಿಬಿಡಿಯಾಗಿ, ಚುಕ್ಕೆ ಸಹಿತ ಕನ್ನಡದಲ್ಲಿಯೇ ಹೇಳಬಹುದು.

ಎಲ್ಲಿ ಅಳೆದಿರಿ ಎಂಬುದೂ ಮುಖ್ಯ. ‘ಓರಲ್’ ಎಂದರೆ ಬಾಯಿಯಲ್ಲಿ, ನಾಲಿಗೆಯ ಕೆಳಗೆ. ‘ಆಕ್ಸಿಲರಿ’ ಎಂದರೆ ಕಂಕುಳಲ್ಲಿ. ಕಂಕುಳಿನ ಅಂಕಿ ಬಾಯಿಯದಕ್ಕಿಂತ ಸಾಮಾನ್ಯವಾಗಿ ಅರ್ಧದಿಂದ ಒಂದು ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ಇರುತ್ತದೆ. ಅದಕ್ಕೆ ನೀವೇ ಕೂಡಿಸಿ ಹೇಳಬೇಡಿ. ಕಂಡ ಅಂಕಿಯನ್ನೂ ಅಳೆದ ಜಾಗವನ್ನೂ ತಿಳಿಸಿ. ಬಿಸಿ ಚಹಾ ಅಥವಾ ತಣ್ಣೀರು ಕುಡಿದ ಕೂಡಲೇ ಬಾಯಿಯಲ್ಲಿ ಅಳೆಯಬಾರದು. ಕಾಲು ಗಂಟೆಯಾದರೂ ತಡೆಯಬೇಕು. ಪರದೆಯಲ್ಲಿ ‘ಲೋ’ ಎಂದು ಬಂದರೆ ತಾಪವು ಉಪಕರಣ ಅಳೆಯಬಲ್ಲ ಮಟ್ಟಕ್ಕಿಂತ ಕೆಳಗಿದೆ, ‘ಹೈ’ ಎಂದರೆ ಮೇಲಿದೆ ಎಂದರ್ಥ. ಸರಿಯಾಗಿ ಇಡದಿದ್ದರೂ ‘ಲೋ’ ಬರುವುದುಂಟು, ಮತ್ತೊಮ್ಮೆ ಅಳೆಯಿರಿ.

ವೈದ್ಯರನ್ನು ಕಾಣುವ ಮುನ್ನ ಅಂಕಿ, ಮಾನ, ಅಳೆದ ಜಾಗ, ಸಮಯ ಈ ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆದಿಡಿ. ಮೂರು ತಿಂಗಳೊಳಗಿನ ಕೂಸಿಗೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಯಾವ ವಯಸ್ಸಿನವರಿಗಾದರೂ ಜ್ವರದೊಡನೆ ಉಸಿರಾಟದ ತೊಂದರೆ, ಕುತ್ತಿಗೆ ಬಿಗಿತ, ಫಿಟ್ಸ್, ಮಂಪರು, ರಕ್ತಸ್ರಾವ ಕಂಡರೆ ಅಂಕಿ ಎಷ್ಟೇ ಇರಲಿ, ಕಾಯಬಾರದು. ವೃದ್ಧರಲ್ಲಿ ಸೋಂಕು ತೀವ್ರವಾಗಿದ್ದರೂ ತಾಪ ಹೆಚ್ಚು ಏರದಿರಬಹುದು. ಅವರು ಊಟ ಬಿಟ್ಟು ಮಂಕಾಗಿದ್ದರೆ, ಥರ್ಮಾಮೀಟರ್ ‘ನಾರ್ಮಲ್’ ಎಂದರೂ ವೈದ್ಯರಿಗೆ ತೋರಿಸಬೇಕು.